ಅತ್ತೆಮ್ಮನ ಹಗ್ಗ

ಅತ್ತೆಮ್ಮ,

ಇದನ್ನು ನಿಮ್ಮ ಮಂಚದ ಮೇಲೆ ಕೂತೇ ಬರೆಯುತ್ತಿದ್ದೇನೆ, ಬೈಯಬೇಡಿ. ನಾನು ತಗ್ಗಿನಲ್ಲಿ ಕೂರಬಾರದಂತೆ, ಅದಕ್ಕೆ ನಿಮ್ಮ ಮಗ ಮಂಚದ ನಾಲ್ಕೂ ಕಾಲಿನ ಕೆಳಗೆ ಇಟ್ಟಿಗೆ ಕೊಟ್ಟು ಎತ್ತರ ಮಾಡಿದ್ದಾರೆ. ಯಾಕೆ ಅಂತೀರಾ? ನಿಮಗೆ ಹಾಕಿದ ಹಾಗೆ ನನಗೂ ಸೊಂಟದ ಕೀಲು ಬದಲಿಸಿದ್ದಾರೆ. ನಿಮ್ಮದು ಎಡಗಡೆ, ನನ್ನದು ಬಲಗಡೆ. ಅತ್ತೆ ಸೊಸೆ ಇಬ್ಬರನ್ನೂ ಸೇರಿಸಿದ್ದರೆ ಒಂದು ಪೂರ್ತಿ ಹೊಸ ಸೊಂಟದ ಹೆಂಗಸು ಆಗುತ್ತಿದ್ದಳು. ನಗಬೇಡಿ, ಹೊಲಿಗೆ ಇನ್ನೂ ಎಳೆಯುತ್ತದೆ. ನೀವು ಹೋಗಿ ಏಳು ವರ್ಷವಾಯಿತು. ಅದಕ್ಕೂ ಎರಡು ವರ್ಷ ಹಿಂದಿನಿಂದ ನಿಮಗೆ ಹೇಳದೆ ಇಟ್ಟುಕೊಂಡಿರುವ ಒಂದು ಮಾತಿದೆ. ಅದನ್ನು ಹೇಳಲೆಂದೇ ಕೂತೆ. ಆದರೆ ನೇರ ಅದಕ್ಕೇ ಬರಲಾರೆ, ಸ್ವಲ್ಪ ಸುತ್ತಿಕೊಂಡು ಬರುತ್ತೇನೆ.

ನಾನು ಮದುವೆಯಾಗಿ ಈ ಹಾಲ್ಕುರಿಕೆಗೆ ಬಂದ ಹೊಸದರಲ್ಲಿ ಒಂದು ದಿನ ನನ್ನನ್ನು ಅಟ್ಟಕ್ಕೆ ಹತ್ತಿಸಿದಿರಿ, ನೆನಪಿದೆಯಾ? ವರ್ಷಗಟ್ಟಲೆ ಒಣಗಲು ಬಿಟ್ಟ ತೆಂಗಿನಕಾಯಿಯ ರಾಶಿಯ ನಡುವೆ ನೀವು ಕುಕ್ಕರಗಾಲಿನಲ್ಲಿ ಕೂತಿದ್ದಿರಿ. ಒಂದು ಕಾಯಿ ತೆಗೆದು ಕಿವಿಯ ಹತ್ತಿರ ಅಲ್ಲಾಡಿಸಿ "ಇದು ಬುಟ್ಟೈತೆ" ಅಂದಿರಿ. ಇನ್ನೊಂದನ್ನು ಅಲ್ಲಾಡಿಸಿ "ಇದಿನ್ನೂ ಬುಟ್ಟಿಲ್ಲ" ಅಂದಿರಿ. ಒಳಗಿನ ಕೊಬ್ಬರಿ ಚಿಪ್ಪು ಬಿಟ್ಟು ಬಿಡಿಯಾಗಿ ಉರುಳಿದರೆ ಅದು ಗಿಟುಕು, ಅಂಟಿಕೊಂಡಿದ್ದರೆ ಅದಕ್ಕೆ ಇನ್ನೂ ಟೈಮು ಬೇಕು. ನನಗೆ ಎರಡೂ ಒಂದೇ ಸದ್ದು. "ನಿನ್ ಕಿವಿ ಬಟ್ಟೆ ಹೊಲಿಯೋರ ಕಿವಿ ಕಣೇ ಸರೋಜಿ, ಅದಕ್ಕೆ ಕಾಯಿ ಮಾತಾಡದು ಕೇಳಿಸಾಕಿಲ್ಲ" ಅಂತ ನಕ್ಕಿರಿ. ಅವತ್ತೇ ಇನ್ನೊಂದು ಪಾಠವನ್ನೂ ಹೇಳಿದಿರಿ: ಅಟ್ಟಕ್ಕೆ ಹಾಕಿದ ಕಾಯನ್ನು ಸುಮ್ಮಸುಮ್ಮನೆ ಮುಟ್ಟಬಾರದು, ಅದರ ಪಾಡಿಗೆ ಬಿಟ್ಟರೇ ಅದು ಕೊಬ್ಬರಿಯಾಗುವುದು. ಮೊದಲನೆಯ ಪಾಠ ನನಗೆ ಕೊನೆಗೂ ಹತ್ತಲಿಲ್ಲ. ಎರಡನೆಯದನ್ನು ಮಾತ್ರ ಚೆನ್ನಾಗಿ ಕಲಿತುಬಿಟ್ಟೆ ನೋಡಿ. ಕಲಿತದ್ದನ್ನು ತಂದು ನಿಮ್ಮ ಮೇಲೇ ಪ್ರಯೋಗ ಮಾಡಿದೆ.

ತುಮಕೂರಿನ ಡಾಕ್ಟರು ನಿಮ್ಮ ಸೊಂಟ ನೋಡಿ ಆಪರೇಷನ್ ಮಾಡಬೇಕು ಅಂದರು. ಶುಗರ್ ಇಳಿಯಬೇಕು, ಮೂರು ತಿಂಗಳು ಕಾಯಿರಿ ಅಂದಿದ್ದರು. ಹೊರಡುವಾಗ "ಜಾಸ್ತಿ ಓಡಾಡಬೇಡಿ" ಅಂದಿದ್ದರು. ಅವರು ಅಂದದ್ದು ಅಷ್ಟೇ. ಮನೆಗೆ ಬರುವಷ್ಟರಲ್ಲಿ ನನ್ನ ತಲೆಯಲ್ಲಿ ಅದು "ಏಳಲೇಬೇಡಿ" ಆಗಿತ್ತು. ನಡುಮನೆಯಲ್ಲಿ ಮಂಚ ಹಾಕಿ ಮಲಗಿಸಿದೆ. ಊಟ ಅಲ್ಲಿಗೇ, ನೀರು ಅಲ್ಲಿಗೇ, ಒಂದಕ್ಕೆ ಎರಡಕ್ಕೆ ಪಾತ್ರೆಯೂ ಅಲ್ಲಿಗೇ. ನಿಮ್ಮ ಕೋಲನ್ನೂ ತೆಗೆದಿಟ್ಟೆ. ಸವೆದ ಕೀಲು, ಅಲ್ಲಾಡಿಸಿದಷ್ಟೂ ಸವೆಯುತ್ತದೆ, ಸುಮ್ಮನಿದ್ದರೆ ಆಪರೇಷನ್ನಿಗೆ ಗಟ್ಟಿಯಾಗಿರುತ್ತದೆ ಅಂತ ನನ್ನ ಲೆಕ್ಕ. ಅಟ್ಟದ ಕಾಯಿ ಇಲ್ಲವಾ ಅತ್ತೆಮ್ಮ ಹಾಗೆ, ಅಂತ ನಿಮಗೇ ಬುದ್ಧಿ ಹೇಳಿದೆ. ನೀವು ನನ್ನನ್ನು ದುರುಗುಟ್ಟಿ ನೋಡಿ ಅಂದಿರಿ: "ಕಾಯಿಗೆ ಕಾಲಿಲ್ಲ ಕಣೇ. ನನಗದಾವೆ."

ಆಗಲಾದರೂ ನನಗೆ ಬುದ್ಧಿ ಬರಬಾರದಿತ್ತೇ? ಇವತ್ತು ಮುಚ್ಚುಮರೆ ಮಾಡುವುದಿಲ್ಲ. ನಿಮ್ಮ ಮೇಲಿನ ಪ್ರೀತಿ ಅರ್ಧ, ಊರಿನ ಬಾಯಿಯ ಭಯ ಅರ್ಧ. ನೀವು ಎದ್ದು ಎಲ್ಲಿಯಾದರೂ ಬಿದ್ದು ಮೂಳೆ ಮುರಿದುಕೊಂಡಿದ್ದರೆ "ಸೊಸೆ ಜಗಲಿಲಿ ಮಿಷನ್ ತುಳೀತಾ ಕೂತಿದ್ಲು, ಅತ್ತೆ ಒಳಗೆ ಬಿದ್ದಿದ್ಲು" ಅನ್ನುತ್ತಿರಲಿಲ್ಲವೇ?

ಆಮೇಲೆ ಆ ಬೆಳಿಗ್ಗೆ. ನಾನು ಹಿತ್ತಿಲಲ್ಲಿ ಪಾತ್ರೆ ತಿಕ್ಕುತ್ತಿದ್ದೆ. ಜಗಲಿಯಲ್ಲಿ ನಿಮ್ಮ ಮಗ ನನ್ನ ಹೊಲಿಗೆ ಮಿಷನ್ನಿಗೆ ಎಣ್ಣೆ ಬಿಟ್ಟು ಸುಮ್ಮನೆ ತುಳಿದು ನೋಡುತ್ತಿದ್ದರು. ಹಿಂಬಾಗಿಲಿನಿಂದ ಒಳಗೆ ಬಂದೆ, ನೋಡುತ್ತೇನೆ, ನೀವು ನಿಂತಿದ್ದೀರಿ! ಅಟ್ಟಕ್ಕೆ ಕಾಯಿಕುಕ್ಕೆ ಎಳೆದುಕೊಳ್ಳುವ ನಾರಿನ ಹಗ್ಗ ತೊಲೆಗೆ ಕಟ್ಟಿತ್ತಲ್ಲ, ಅದರಲ್ಲಿ ಎರಡು ಗಂಟು ಹಾಕಿಕೊಂಡು, ಹಿಡಿದುಕೊಂಡು, ಮಂಚದಿಂದ ಏಳುವುದು, ಕೂರುವುದು, ಏಳುವುದು, ಕೂರುವುದು. ಬಾಯಲ್ಲಿ ಎಣಿಕೆ ಬೇರೆ. ಎಷ್ಟು ದಿನದಿಂದ ನಡೆದಿತ್ತೋ! ಮಿಷನ್ ಸದ್ದು ಕೇಳುತ್ತಿರುವಷ್ಟು ಹೊತ್ತು ಕಸರತ್ತು, ಸದ್ದು ನಿಂತ ಕೂಡಲೇ ಕಂಬಳಿ ಹೊದ್ದು ನಿದ್ದೆ. ಅವತ್ತು ಮಿಷನ್ ತುಳಿಯುತ್ತಿದ್ದವರು ಬೇರೆಯವರು ಅಂತ ನಿಮಗೆ ಹೇಗೆ ಗೊತ್ತಾಗಬೇಕು? ಸಿಕ್ಕಿಬಿದ್ದಿರಿ. ನಾನು ಕಿರುಚಿಕೊಂಡೆ, ನೀವು ತಪ್ಪುಮಾಡಿದ ಮಗುವಿನ ಹಾಗೆ ಮೆತ್ತಗೆ ಕೂತುಬಿಟ್ಟಿರಿ.

ಮಾರನೆಯ ದಿನ ಮಧ್ಯಾಹ್ನ ನೀವು ಉಂಡು ಮಲಗಿದಾಗ ಸ್ಟೂಲು ಹತ್ತಿ ಆ ಹಗ್ಗ ಬಿಚ್ಚಲು ಹೋದೆ. ಗಂಟು ಜಗ್ಗಲಿಲ್ಲ. ಬಟ್ಟೆ ಕತ್ತರಿಸುವ ನನ್ನ ದೊಡ್ಡ ಕತ್ತರಿ ತಂದು ಕತ್ತರಿಸಿದೆ. ತೊಲೆಯಲ್ಲಿ ಒಂದು ಗೇಣು ತುಂಡು ಉಳಿಯಿತು, ನೇತಾಡುತ್ತಿದ್ದದ್ದು ನನ್ನ ಕೈಗೆ ಬಂತು. ಕತ್ತರಿ ಮೊಂಡಾಗಿ ಸಾಣೆಗೆ ಕಳಿಸಬೇಕಾಯಿತು. ಹಗ್ಗವನ್ನು ಕೊಟ್ಟಿಗೆಯ ಮೂಲೆಗೆ ಎಸೆದೆ. ಎದ್ದು "ಹಗ್ಗ ಎಲ್ಲಿ?" ಅಂದಿರಿ. ನಾನು ಕಣ್ಣು ಮಿಟುಕಿಸದೆ "ನಿಮ್ಮ ಮಗ ಹಸುಗೆ ಬೇಕು ಅಂತ ಬಿಚ್ಕೊಂಡು ಹೋದ್ರು" ಅಂದೆ. ಸಾಯಂಕಾಲ ಅವರು ಹೊಸ್ತಿಲು ದಾಟುವುದೇ ತಡ, "ಏನ್ಲಾ ಬಸ್ವ, ನನ್ ಹಗ್ಗ ತಗಂಡು ಏನ್ ಉದ್ಧಾರ ಆದೆ ನೀನು?" ಅಂತ ಶುರು ಮಾಡಿದಿರಿ. ಅವರು ಬಾಯಿ ತೆರೆದರು, ನನ್ನ ಕಡೆ ನೋಡಿದರು, ಬಾಯಿ ಮುಚ್ಚಿಕೊಂಡರು. "ಆಯ್ತು ಬುಡವ್ವ, ತಪ್ಪಾಯ್ತು." ಇದೇ ನಾನು ಹೇಳಬೇಕಿದ್ದ ಮಾತು. ಹಗ್ಗ ತೆಗೆದದ್ದು ನಾನು ಅತ್ತೆಮ್ಮ. ನೀವು ಕಣ್ಣು ಮುಚ್ಚುವವರೆಗೂ ಅದಕ್ಕೆ ಮಗನನ್ನು ಬೈದಿರಿ, ನಾನು ಪಕ್ಕದಲ್ಲೇ ನಿಂತು ಕೇಳಿಸಿಕೊಂಡೆ.

ಹಗ್ಗ ಹೋದ ಮೇಲೆ ನಿಮ್ಮ ಕಂಬಳಿ ಕಾಲಿನ ಕಡೆ ಆಗಾಗ ಅಲುಗುತ್ತಿತ್ತು. ಸೊಳ್ಳೆ ಅಂದುಕೊಂಡೆ. ಬೇವಿನ ಸೊಪ್ಪಿನ ಹೊಗೆಯನ್ನೂ ಹಾಕಿದೆ!

ಆಪರೇಷನ್ ಏನೋ ಚೆನ್ನಾಗಿಯೇ ಆಯಿತು. ಆದರೆ ಮಾರನೆಯ ದಿನ ನಿಮ್ಮನ್ನು ನಿಲ್ಲಿಸಲು ಬಂದವರು ಸೋತುಹೋದರು. ಆ ಕಡೆ ಒಬ್ಬರು ಈ ಕಡೆ ಒಬ್ಬರು ಹಿಡಿದರೂ ನಿಮ್ಮ ಮಂಡಿ ಕುಸಿಯುತ್ತಿತ್ತು. "ಕೀಲು ಸರಿಯಾಗಿದೆ, ಕಾಲಲ್ಲೇ ಶಕ್ತಿ ಇಲ್ಲ" ಅಂದರು. ನಿಮ್ಮ ಕಾಲಲ್ಲಿ ಶಕ್ತಿ ಇಲ್ಲ! ಕಾಯಿಕುಕ್ಕೆ ಹೊತ್ತು ಏಣಿ ಹತ್ತುತ್ತಿದ್ದ ಕಾಲು! ಜಗಲಿಯವರೆಗೆ ವಾಕರ್ ಹಿಡಿದು ಬರುವುದಕ್ಕೇ ಆರು ತಿಂಗಳು ಬೇಕಾಯಿತು. ಒಂದು ದಿನ ಅಟ್ಟದ ಏಣಿಯ ಹತ್ತಿರ ಹೋಗಿ, ಮೊದಲ ಮೆಟ್ಟಿಲ ಮೇಲೆ ಕೈಯಿಟ್ಟು, ಮೇಲೆ ನೋಡಿ, ಹಾಗೇ ತಿರುಗಿ ಬಂದಿರಿ. ಆಮೇಲೆ ನಾವೇ ಕಾಯಿ ಕೆಳಗೆ ತರುವುದು, ನೀವು ಮಂಚದಲ್ಲಿ ಕೂತು ಅಲ್ಲಾಡಿಸಿ ಹೇಳುವುದು. ನಾನು ಅದನ್ನು ವಯಸ್ಸಿನ ಮೇಲೆ ಹಾಕಿದೆ. ಶುಗರಿನ ಮೇಲೆ ಹಾಕಿದೆ. ನನ್ನ ಕತ್ತರಿಯ ಮೇಲೆ ಮಾತ್ರ ಹಾಕಲಿಲ್ಲ.

ಹೋದ ವರ್ಷ ನನ್ನ ಸರದಿ ಬಂತು. ಬಲಗಡೆ ತೊಡೆಸಂದಿಯಲ್ಲಿ ನೋವು, ಮಿಷನ್ ತುಳಿದು ಎದ್ದರೆ ಹತ್ತು ಹೆಜ್ಜೆ ಕುಂಟು. ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ಡಾಕ್ಟರು ತೋರಿಸಿದರು. ಸೊಂಟದ ಬಟ್ಟಲಿನೊಳಗೆ ತೊಡೆಮೂಳೆಯ ಗುಂಡು ನುಣ್ಣಗೆ ತಿರುಗಬೇಕು, ನನ್ನದು ತರಚಿಹೋಗಿ ಬಟ್ಟಲಿಗೇ ಕಚ್ಚಿಕೊಂಡಿತ್ತು. ನನಗೆ ನಿಮ್ಮ ಅಟ್ಟ ನೆನಪಾಯಿತು. ಮನಸ್ಸಿನಲ್ಲೇ "ಇದು ಬುಟ್ಟಿಲ್ಲ" ಅಂದುಕೊಂಡೆ. ಸರಿ, ನಾಳೆಯೇ ಮಾಡಿಬಿಡಿ ಅಂದರೆ ಅವರು ಆರು ವಾರ ಬಿಟ್ಟು ಬನ್ನಿ, ಅಲ್ಲಿಯವರೆಗೆ ವ್ಯಾಯಾಮ ಮಾಡಿ ಅನ್ನುವುದೇ! ಆಪರೇಷನ್ ಆದ ಮೇಲೆ ಮಾಡುವುದು ಕೇಳಿದ್ದೆ. ಮುಂಚೆಯೇ, ಈ ನೋವಿನಲ್ಲಿ? ಇವರಿಗೇನು ತಲೆ ಕೆಟ್ಟಿದೆಯಾ ಅನ್ನಿಸಿತು.

ತಿಪಟೂರಿನಲ್ಲಿ ಫಿಜಿಯೋಥೆರಪಿ ಮಾಡಿಸುವ ನಾಜಿಯಾ ಅಂತ ಒಬ್ಬರು ಇದ್ದಾರೆ, ಮೂವತ್ತು ದಾಟಿದವರು, ನಗುಮುಖ, ಆದರೆ ಭಾರೀ ಗಟ್ಟಿ. ನಾನು ಹೋದ ಕೂಡಲೇ ಜಗಳಕ್ಕೆ ನಿಂತೆ. "ಮೂವತ್ತೈದು ವರ್ಷ ಮಿಷನ್ ತುಳಿದ ಕಾಲು ಇದು ಮೇಡಂ, ಇದಕ್ಕೆ ನೀವೇನು ಹೊಸದಾಗಿ ಹೇಳಿಕೊಡ್ತೀರಿ?" ಅವರು ಮಾತಿಗೆ ಮಾತು ಬೆಳೆಸಲಿಲ್ಲ. "ಆಂಟಿ, ನೀವು ಟೈಲರ್ ಅಲ್ವಾ? ನಮ್ಮಪ್ಪಾಜಿನೂ ಟೈಲರೇ. ನಿಮ್ಮ ಟೇಪು ತೆಗೀರಿ" ಅಂದರು. ಬ್ಯಾಗಿನಲ್ಲಿ ಟೇಪು ಇತ್ತು. ಮಂಡಿಯಿಂದ ಒಂದು ಗೇಣು ಮೇಲೆ ಎರಡೂ ತೊಡೆ ಅಳೆಯಿರಿ ಅಂದರು. ಅಳೆದೆ. ಬಲಗಡೆ ಒಂದೂವರೆ ಇಂಚು ಕಡಿಮೆ! ಮತ್ತೆ ಅಳೆದೆ. ಅಷ್ಟೇ. ಊರಿನ ಹೆಂಗಸರ ತೋಳಿನಲ್ಲಿ ಕಾಲಿಂಚು ವ್ಯತ್ಯಾಸ ಬಂದರೆ ಹಿಡಿಯುವ ನಾನು, ನನ್ನ ಮೈಯಿಂದಲೇ ಒಂದೂವರೆ ಇಂಚು ಮಾಂಸ ಕದ್ದುಹೋದದ್ದನ್ನು ನೋಡಿರಲಿಲ್ಲ. "ನೋವಿನ ಕಾಲನ್ನು ನೀವು ಕೆಲಸಕ್ಕೆ ಕರೆಯೋದು ಬಿಟ್ಟಿದ್ದೀರಾ. ಕರೀದೇ ಇದ್ರೆ ಅದು ಕರಗುತ್ತೆ. ಡಾಕ್ಟ್ರು ಕೀಲು ಹೊಸದು ಹಾಕ್ತಾರೆ, ತೊಡೆ ಹೊಸದು ಹಾಕಲ್ಲ. ಅದು ನಿಮ್ಮದೇ." ಹೀಗಂದರು. ನಾನು ಟೇಪು ಸುತ್ತಿಕೊಂಡೆ. ನನ್ನದಲ್ಲ, ನಿಮ್ಮ ತೊಡೆ ಕಣ್ಣ ಮುಂದೆ ಬಂದಿತ್ತು. ಮೂರು ತಿಂಗಳು ನಾನು ಮಲಗಿಸಿ ಕರಗಿಸಿದ್ದು…

ಮೊದಲ ಪಾಠ ಏನು ಗೊತ್ತಾ? ಮಲಗಿಕೊಂಡು ಪಾದವನ್ನು ಮೇಲೆ ಕೆಳಗೆ ಆಡಿಸುವುದು, ಮಂಡಿಯ ಕೆಳಗೆ ಸುತ್ತಿದ ಟವೆಲ್ ಇಟ್ಟು ತೊಡೆ ಬಿಗಿಹಿಡಿದು ಒತ್ತುವುದು. ಕಂಬಳಿಯೊಳಗೆ ಮಾಡಿದರೆ ಕಂಬಳಿ ಅಲುಗುತ್ತದೆ. ಅಯ್ಯೋ ಅತ್ತೆಮ್ಮ, ಸೊಳ್ಳೆ ಅಂದುಕೊಂಡೆನಲ್ಲ! ಎರಡನೆಯ ವಾರ ಎತ್ತರದ ಕುರ್ಚಿ ಹಾಕಿ, "ಈಗ ಕೂತು ಎದ್ದು ಮಾಡಿ, ನಿಧಾನಕ್ಕೆ, ಎಣಿಸ್ತಾ" ಅಂದರು ನಾಜಿಯಾ. ಒಂದು ಸಲ ಎದ್ದೆ. ಕೂತೆ. ಎರಡನೆಯ ಸಲ ಏಳುವಾಗ ಕಣ್ಣು ತುಂಬಿ ಬಂತು. ಅವರು ನೋವಾಯಿತೇನೋ ಅಂತ ಗಾಬರಿಯಾದರು. ಓದಿಲ್ಲ, ಬರೆದಿಲ್ಲ, ಯಾವ ಮೇಡಮ್ಮೂ ಹೇಳಿಕೊಟ್ಟಿಲ್ಲ. ಮತ್ತೆ ನಿಮಗೆ ಯಾರು ಹೇಳಿದ್ದು? ಮೈ ತಾನಾಗಿಯೇ ಹೇಳಿತಾ? ಕಾಯಿ ಮಾತಾಡುವುದು ಕೇಳಿಸುವ ಕಿವಿಗೆ ತನ್ನ ಮೂಳೆ ಮಾತಾಡುವುದು ಕೇಳಿಸುವುದು ಏನು ದೊಡ್ಡದು ಅಂತೀರಾ?

ಮನೆಗೆ ಬಂದು ನಿಮ್ಮ ಮಗನಿಗೆ "ಆ ತೊಲೆಗೆ ಒಂದು ಹಗ್ಗ ಕಟ್ಟಿಕೊಡಿ" ಅಂದೆ. ಯಾಕೆ ಅಂತ ಕೇಳಲಿಲ್ಲ. ಅಟ್ಟ ಹತ್ತಿ ಒಂದು ಹಳೆಯ ನಾರಿನ ಹಗ್ಗ ತಂದರು. ಅದರಲ್ಲಿ ಎರಡು ಗಂಟು. ನಾನು ಕೊಟ್ಟಿಗೆಗೆ ಎಸೆದಿದ್ದು ಅಟ್ಟಕ್ಕೆ ಹೇಗೆ ಹೋಯಿತು? ತೊಲೆಯಲ್ಲಿ ಉಳಿದಿದ್ದ ಗೇಣುದ್ದದ ತುಂಡಿನ ಪಕ್ಕದಲ್ಲೇ ಬಿಗಿದು, ತಾವೇ ಜೋತುಬಿದ್ದು ಪರೀಕ್ಷೆ ಮಾಡಿ ಹೋದರು. ಒಂದು ದಿನ ನಾಜಿಯಾ ಮನೆ ನೋಡಲು ಬಂದರು. ಎಲ್ಲಿ ಮೆಟ್ಟಿಲು, ಎಲ್ಲಿ ಜಾರುತ್ತದೆ, ಬಚ್ಚಲಲ್ಲಿ ಹಿಡಿಯಲು ಏನಿದೆ, ಎಲ್ಲ ಮೊದಲೇ ನೋಡಿಕೊಳ್ಳಬೇಕಂತೆ. ಹಗ್ಗ ಜಗ್ಗಿ ನೋಡಿ "ಇದನ್ನ ಹಿಡ್ಕೊಂಡು ಮೇಲೆ ಎಳ್ಕೋಬೇಡಿ ಆಂಟಿ, ಆಸರೆಗೆ ಮಾತ್ರ. ಏಳೋ ಕೆಲಸ ತೊಡೆಯದ್ದು. ಯಾರ ಐಡಿಯಾ ಇದು?" ಅಂದರು. "ನಮ್ಮ ಅತ್ತೆದು" ಅಂದೆ. "ಕರೀರಿ ಅವರನ್ನ, ಮಾತಾಡಿಸೋಣ" ಅಂದುಬಿಟ್ಟರು. ನಾನು ಗೋಡೆಯ ಮೇಲಿನ ನಿಮ್ಮ ಫೋಟೋ ತೋರಿಸಿದೆ. ಅವರು ತಲೆಯ ಮೇಲೆ ದುಪಟ್ಟಾ ಸರಿಮಾಡಿಕೊಂಡರು.

ನಾಲ್ಕನೆಯ ವಾರ ಒಂದು ಆಶ್ಚರ್ಯ ಆಯಿತು. ಸ್ನಾನ ಮಾಡುವಾಗ ಬಲತೊಡೆಯನ್ನು ಬಿಗಿಹಿಡಿದೆ, ಮಂಡಿಯ ಮೇಲೆ ಒಂದು ಸಣ್ಣ ದಿಂಡು ಎದ್ದು ನಿಂತಿತು! ಬಿಟ್ಟೆ, ಹೋಯಿತು. ಬಿಗಿದೆ, ಬಂತು. ಅರವತ್ತರ ಹತ್ತಿರದ ಹೆಂಗಸು ಬಚ್ಚಲಲ್ಲಿ ನೀರು ಆರುವವರೆಗೂ ಆ ಆಟ ಆಡಿದೆ. ಟೇಪು ತಂದು ಅಳೆದರೆ ಅರ್ಧ ಇಂಚು ವಾಪಸು ಬಂದಿತ್ತು. ಎಲ್ಲಿಂದ ಬಂತು ಅತ್ತೆಮ್ಮ ಅದು? ತಿಂದದ್ದು ಅದೇ ಮುದ್ದೆ, ಅದೇ ಸಾರು. ಕರೆದೆ, ಬಂತು, ಅಷ್ಟೇ! ಈ ಮೈ ಅನ್ನುವುದನ್ನು ಇಷ್ಟು ವರ್ಷ ಹೊತ್ತು ತಿರುಗಿದರೂ ನನಗೆ ಅದರ ಪರಿಚಯವೇ ಇರಲಿಲ್ಲ.

ಆಪರೇಷನ್ನಿನ ಮಾರನೆಯ ಬೆಳಿಗ್ಗೆ ವಾಕರ್ ತಂದು ಮುಂದಿಟ್ಟರು. ಕುರ್ಚಿಯ ಕೈ ಒತ್ತಿ ಒತ್ತಿ ತೋಳಿಗೂ ಬಲ ಬಂದಿತ್ತು, ವಾಕರ್ ಹಿಡಿಯುವುದನ್ನೂ ಮನೆಯಲ್ಲೇ ಕಲಿತಿದ್ದೆ. ಆದರೂ ಭಯ. ನಿಮ್ಮ ಮಂಡಿ ಕುಸಿದದ್ದನ್ನು ಕಣ್ಣಾರೆ ನೋಡಿದವಳು ನಾನು. ನನ್ನದೂ ಕುಸಿದರೆ? ಎರಡೂ ಕಡೆ ನರ್ಸುಗಳು ಕೈ ಚಾಚಿ ನಿಂತರು. ಕಣ್ಣು ಮುಚ್ಚಿ ತೊಡೆಯನ್ನು ಕರೆದೆ. ಎದ್ದಿತು! ಹೊಲಿಗೆ ಉರಿಯುತ್ತಿತ್ತು, ಕಾಲು ಭಾರವಾಗಿತ್ತು, ಆದರೆ ನಿಂತಿದ್ದೆ, ಯಾರೂ ಹಿಡಿದಿರಲಿಲ್ಲ. ಆ ಹಳೆಯ ಕಡಿತದ ನೋವು, ಮೂಳೆಯೊಳಗಿನದು, ಇರಲೇ ಇಲ್ಲ. ಬಾಗಿಲವರೆಗೆ ಹೋಗಿ ಬಂದೆ. ಒಬ್ಬ ನರ್ಸು "ಪರವಾಗಿಲ್ವೇ, ಯಾರಮ್ಮ ನಿಮಗೆ ಟ್ರೇನಿಂಗ್ ಕೊಟ್ಟಿದ್ದು?" ಅಂದಳು. ಬಾಗಿಲಲ್ಲಿ ನಿಂತಿದ್ದ ನಿಮ್ಮ ಮಗ "ನಮ್ಮವ್ವ" ಅಂದರು.

ಮನೆಗೆ ಬಂದ ಮೂರನೆಯ ದಿನ ಇನ್ನು ತಡೆಯಲಾಗದೆ ಅವರಿಗೆ ಹೇಳಿದೆ. "ಅತ್ತೆ ಹತ್ರ ನಿಮ್ಮ ಮೇಲೆ ಸುಳ್ಳು ಹೇಳ್ದೆ. ಕೊನೆವರ್ಗೂ ಬೈಸ್ಕೊಂಡ್ರಿ. ನಾನು ಕತ್ತರಿಸ್ದೆ ಅಂತ ಅವರಿಗೆ ಗೊತ್ತಾಗ್ದೇನೇ ಹೋಗ್ಬಿಟ್ರು" ಅಂದು ಅತ್ತುಬಿಟ್ಟೆ.

ಅವರು ಕಾಫಿ ಲೋಟ ಕೆಳಗಿಟ್ಟರು. "ಅವ್ವಂಗೆ ಅವತ್ತೇ ಗೊತ್ತಾಗಿತ್ತು ಕಣೇ."

"ಯಾರು ಹೇಳಿದ್ರು?"

"ಯಾರ್ ಹೇಳ್ಬೇಕು? ತೊಲೆ ನೋಡು." ನೋಡಿದೆ. ಒಂಬತ್ತು ವರ್ಷದಿಂದ ಅಲ್ಲೇ ಇದ್ದ ತುಂಡನ್ನು ಮೊದಲ ಸಲ ಸರಿಯಾಗಿ ನೋಡಿದೆ. ತುದಿ ನೆಟ್ಟಗೆ, ಒಂದೇ ಸಮ. "ಅವತ್ತು ಬೈದು ಮುಗಿಸಿ, ನೀನು ಅಡಿಗೆಮನೆಗೆ ಹೋದ ಮೇಲೆ ನನ್ನ ಹತ್ರಕ್ಕೆ ಕರೆದ್ಲು. 'ಹಸುಗೆ ಬೇಕಂದಿದ್ರೆ ನೀನು ಗಂಟು ಬಿಚ್ಕಂಡು ಹೋಯ್ತಿದ್ದೆ. ಇದು ನೋಡ್ಲಾ, ರವಿಕೆ ತೋಳು ಕತ್ರಿಸ್ದಂಗೆ ಕತ್ರಿಸವ್ಳೆ' ಅಂತ ನಕ್ಲು. ಮತ್ತೆ ಕಟ್ಲಾ ಅವ್ವ ಅಂದೆ. 'ಬ್ಯಾಡ. ಕಟ್ಟಿದ್ರೆ ಅವಳ ಸುಳ್ಳು ಬಯಲಾಯ್ತದೆ. ಹೆದರ್ಕಂಡು ಮಾಡವ್ಳೆ, ನಾನು ಬಿದ್ರೆ ಊರೋರು ಅವಳನ್ನ ಹರಿದು ತಿಂತಾರೆ. ನೀನು ನನ್ ಹೊಟ್ಟೇಲಿ ಹುಟ್ದೋನು, ನಿನ್ನ ಬೈದ್ರೆ ಏನಾಯ್ತದೆ, ಬೈಸ್ಕೋ. ಅವಳಾಗಿ ಹೇಳೋಗಂಟ ನೀನೂ ಬಾಯ್ಬುಡಬ್ಯಾಡ' ಅಂದ್ಲು."

ಅತ್ತೆಮ್ಮ, ಎರಡು ವರ್ಷ! ಎರಡು ವರ್ಷ ಆ ತುಂಡಿನ ಕೆಳಗೆ ಮಲಗಿ ಅದನ್ನೇ ನೋಡುತ್ತಾ, ನನ್ನ ಕೈಯಿಂದಲೇ ಉಂಡಿರಿ. ನನ್ನ ಮಾನ ಉಳಿಯಲಿ ಅಂತ ನಿಮ್ಮ ಕಾಲು ಬಿಟ್ಟುಕೊಟ್ಟಿರಾ? ಇಷ್ಟು ದೊಡ್ಡದನ್ನು ಒಬ್ಬ ಹೆಂಗಸು ಇಷ್ಟು ಸದ್ದಿಲ್ಲದೆ ಹೇಗೆ ಹೊರುತ್ತಾಳೆ? ನನಗೆ ಅಳಬೇಕೋ ಕೈಮುಗಿಯಬೇಕೋ ತಿಳಿಯಲಿಲ್ಲ.

ನಿಮ್ಮ ಮಗ ಇನ್ನೂ ಮುಗಿಸಿರಲಿಲ್ಲ. "ಹಗ್ಗ ಬಿಸಾಕ್ಬ್ಯಾಡ, ಅಟ್ಟದ ಮೇಲೆ ಮಡಗು ಅಂದ್ಲು. ಯಾಕವ್ವ ಅಂದೆ. 'ಅವಳ ಮಿಷನ್ ಸದ್ದು ಕೇಳಿದ್ದೀಯೇನ್ಲಾ? ದಿನಾ ಕೇಳ್ತಾ ಮಲಗಿರ್ತೀನಿ. ಬಲಗಾಲು ಒಂದು ಚೂರು ಹಿಂದೆ ಬೀಳ್ತದೆ. ಅವಳಿಗೆ ಇನ್ನೂ ಗೊತ್ತಿಲ್ಲ. ಒಂದಿನ ಅವಳಿಗೂ ಬೇಕಾಯ್ತದೆ' ಅಂದ್ಲು."

ನನ್ನ ಸೊಂಟ ನನಗೆ ನೋವು ಹೇಳುವುದಕ್ಕೆ ಎಂಟು ವರ್ಷ ಮೊದಲೇ ನಿಮಗೆ ಹೇಳಿತ್ತು.

ಇವತ್ತಿಗೆ ಎರಡು ತಿಂಗಳು ತುಂಬಿತು. ಬೆಳಿಗ್ಗೆ ನಾಜಿಯಾ ಮಿಷನ್ ತುಳಿಯಲು ಒಪ್ಪಿಗೆ ಕೊಟ್ಟರು, ಎತ್ತರದ ಕುರ್ಚಿಯಲ್ಲಿ ಹತ್ತು ನಿಮಿಷ ಮಾತ್ರ. ಹಗ್ಗವಂತೂ ಅಲ್ಲೇ ಇರುತ್ತದೆ, ತುಂಡೂ ಅಲ್ಲೇ ಇರುತ್ತದೆ. ಮಾತು ಕೊಡುತ್ತೇನೆ, ಈ ಮನೆಯಲ್ಲಿ ಇನ್ನು ಯಾರೇ ಆಪರೇಷನ್ನಿಗೆ ಕಾಯುತ್ತಿರಲಿ, ಡಾಕ್ಟರು ಬೇಡ ಅನ್ನದಿದ್ದರೆ, ಅವರನ್ನು ನಾನು ಮಲಗಲು ಬಿಡುವುದಿಲ್ಲ. ಈಗ ಜಗಲಿಗೆ ಹೋಗುತ್ತೇನೆ. ನಡುಮನೆಯ ಬಾಗಿಲು ತೆರೆದೇ ಇಟ್ಟಿದ್ದೇನೆ. ಎಡಗಾಲು, ಬಲಗಾಲು, ಎಡಗಾಲು, ಬಲಗಾಲು. ಸ್ವಲ್ಪ ಕೇಳಿ ಹೇಳಿ ಅತ್ತೆಮ್ಮ, ಈಗ ಸಮ ಬೀಳುತ್ತಿದೆಯಾ?

ನಿಮ್ಮ ಸೊಸೆ,
ಸರೋಜಿ